ಏಜೆಂಟಿನ ಕೈಗೆ ಕೊಡುವ ಉಪಕರಣ



ಚನ್ನಪಟ್ಟಣದ ಹಾಲೆಮರದ ಆಟಿಕೆಗಳ ದಾಸ್ತಾನನ್ನು ಎಐ ಏಜೆಂಟುಗಳು ತಾವಾಗಿಯೇ ವಿಚಾರಿಸಿ ಬೇಡಿಕೆಯನ್ನು ದಾಖಲಿಸಲೆಂದು ತಾವು ರಚಿಸಿರುವ ತಂತ್ರಾಂಶದ ವಿವರಣೆಯನ್ನು ಓದಿದೆನು. ಅದು ಗಿರಾಕಿಯನ್ನು ಒಲಿಸಿಕೊಳ್ಳಬಲ್ಲುದೇ ಹೊರತು ಏಜೆಂಟಿಗೆ ದಾರಿ ತೋರಲಾರದು. 2024ರ ನವೆಂಬರಿನಲ್ಲಿ ಪ್ರಕಟವಾದ, ಏಜೆಂಟುಗಳಿಗೆ ಇಂಥ ಉಪಕರಣಗಳನ್ನು ಜೋಡಿಸುವ ಮಾಡೆಲ್ ಕಾಂಟೆಕ್ಸ್ಟ್ ಪ್ರೊಟೊಕಾಲ್ ಎಂಬ ಮುಕ್ತ ಕ್ರಮದಲ್ಲಿಯೂ ಏಜೆಂಟಿಗೆ ಗೋಚರಿಸುವುದು ಮುಖ್ಯವಾಗಿ ಉಪಕರಣದ ಹೆಸರು, ವಿವರಣೆ ಮತ್ತು ಅದು ಸ್ವೀಕರಿಸುವ ಮಾಹಿತಿಯ ಸ್ವರೂಪವೇ ಆದುದರಿಂದ, ‘ಪ್ರಮಾಣ’ ಎಂದಷ್ಟೇ ಬರೆದಲ್ಲಿ, ಹನ್ನೆರಡು ಬುಗುರಿಗಳೋ ಹನ್ನೆರಡು ಡಜನ್ನೋ ಎಂಬುದನ್ನು ಏಜೆಂಟು ಊಹಿಸಬೇಕಾಗುತ್ತದೆ. ‘ಬಿಡಿ ಸಂಖ್ಯೆ, ಡಜನ್ ಆದರೆ 12ರಿಂದ ಗುಣಿಸತಕ್ಕದ್ದು’ ಎಂದು ಬರೆಯಿರಿ, ಉಪಕರಣವನ್ನು ಯಾವಾಗ ಬಳಸಕೂಡದು, ದಾಸ್ತಾನು ತೀರಿದಾಗ ಯಾವ ಉತ್ತರ ಬರುವುದು ಎಂಬುದನ್ನೂ ತಿಳಿಸಿರಿ.

ಪರೀಕ್ಷೆಗೆ, ‘ಒಂದು ವರ್ಷದ ಮಗುವಿಗೆ ಅರಗುಬಣ್ಣದ ಗಿಲಕಿ ಇದೆಯೇ’ ಎಂಬಂಥ, ಅಂಗಡಿಯಲ್ಲಿ ಜನರು ನಿಜವಾಗಿ ಕೇಳುವ ಪ್ರಶ್ನೆಗಳನ್ನು ಸಂಗ್ರಹಿಸಿ, ಸರಿಯುತ್ತರಗಳನ್ನು ಮೊದಲೇ ಬರೆದಿಟ್ಟು, ಇಂದು ಗೆದ್ದ ಏಜೆಂಟು ಅದೇ ಪ್ರಶ್ನೆಗೆ ನಾಳೆ ಸೋಲಬಹುದಾದುದರಿಂದ ಪ್ರತಿಯೊಂದನ್ನೂ ಹಲವು ಬಾರಿ ನಡೆಸಬೇಕು. ‘ದಾಖಲಾಯಿತು’ ಎಂಬ ಅದರ ಮಾತನ್ನು (ಅದು ಬಲು ವಿನಯದಿಂದ ಸುಳ್ಳಾಡಬಲ್ಲುದು) ನಂಬದೆ, ಬೇಡಿಕೆಯ ಕಡತವನ್ನೇ ತೆರೆದು ನೋಡಿರಿ. ಕೆಲವು ಪ್ರಶ್ನೆಗಳನ್ನು, ವಿವರಣೆಯನ್ನು ತಿದ್ದುವಾಗ ಮುಟ್ಟದೆ, ಕಡೆಯ ಪರೀಕ್ಷೆಗೆಂದು ಬೇರೆಯಾಗಿಡಿರಿ. ಮುಂದಿನ ಪತ್ರದಲ್ಲಿ ನನಗೆ ಅಂಕಗಳ ಪಟ್ಟಿ ಬೇಡ. ಸೋತ ಸಂಭಾಷಣೆಗಳನ್ನು ಕಳುಹಿಸಿರಿ.