ಜಾಗ್ವಾರ್ ಎಕ್ಸ್‌ಕೆ8: ಅಭಿಮಾನಿಗಳ ಮಾತು ಮತ್ತು ರಸೀದಿಗಳ ಸಾಕ್ಷ್ಯ

1996ರ ಮಾರ್ಚ್‌ನಲ್ಲಿ ಜಿನೀವಾ ಮೋಟಾರು ಪ್ರದರ್ಶನದಲ್ಲಿ ಮೊದಲ ಬಾರಿಗೆ ಕಾಣಿಸಿಕೊಂಡ ಜಾಗ್ವಾರ್ ಎಕ್ಸ್‌ಕೆ8, ಅದೇ ನಗರದಲ್ಲಿ 35 ವರ್ಷಗಳ ಹಿಂದೆ ಅನಾವರಣಗೊಂಡಿದ್ದ ಇ-ಟೈಪ್ ಕಾರನ್ನು ಬೇಕೆಂದೇ ನೆನಪಿಸುವಂತೆ ರೂಪುಗೊಂಡಿತ್ತು. ಮೊಟ್ಟೆಯಾಕಾರದ ಮುಂಬಾಯಿ, ಉದ್ದನೆಯ ಬಾನೆಟ್, ಹಿಂಚಕ್ರಗಳ ಮೇಲೆ ಉಬ್ಬಿ ನಿಂತ ಮೈ ಎಲ್ಲವೂ ಆ ಹಳೆಯ ಕಾರಿನಿಂದ ಬಂದವು. ಹೀಗೆ ಹಿಂದಿನ ಕಾಲದ ಚಹರೆಯನ್ನು ಹೊಸ ಕಾಲದ ಯಂತ್ರದ ಮೇಲೆ ಕೂರಿಸುವ ವಿನ್ಯಾಸಕ್ರಮವನ್ನು ರೆಟ್ರೊ ಶೈಲಿ ಎನ್ನುತ್ತಾರೆ. ಈ ಕಾರಿನ ಕುರಿತು ಅಭಿಮಾನಿಗಳು ಆಡುವ ಮಾತಿನಲ್ಲಿ ಬಹುಪಾಲು ಕಣ್ಣಿಗೆ ಕಾಣುವ ಭಾಗಗಳಿಗೇ ಮೀಸಲಾಗಿದ್ದು, ಮಾಲೀಕನ ಜೇಬಿಗೆ ಕತ್ತರಿ ಹಾಕುವವು ಮಾತ್ರ ಕಣ್ಣಿಗೆ ಕಾಣದ ಭಾಗಗಳು ಎಂಬುದು ಇಂಗ್ಲೆಂಡಿನ ವಾರ್ವಿಕ್‌ಷೈರ್‌ನಲ್ಲಿ ನೆಲೆಸಿ ಇಂಥದೊಂದು ಕಾರನ್ನು ಸಾಕಿರುವ ಪ್ರಸ್ತುತ ಲೇಖಕನ ಖಚಿತ ಅಭಿಪ್ರಾಯವಾಗಿದೆ.

ಅಭಿಮಾನಿಗಳ ಮುಖ್ಯ ಜಗಳ ಇದು ಸ್ಪೋರ್ಟ್ಸ್ ಕಾರು ಹೌದೋ ಅಲ್ಲವೋ ಎಂಬುದರ ಬಗ್ಗೆ. ಕೈಯಿಂದ ಗೇರು ಬದಲಿಸುವ ಪೆಟ್ಟಿಗೆಯೊಂದಿಗೆ ಎಕ್ಸ್‌ಕೆ8 ಎಂದೂ ಮಾರಾಟವಾಗಲಿಲ್ಲ, ತೂಕವೂ ಒಂದೂವರೆ ಟನ್ನನ್ನು ದಾಟುತ್ತದೆ, ಅಡಿಪಾಯವು ಅದಕ್ಕಿಂತ ಹಿಂದಿನ ಎಕ್ಸ್‌ಜೆಎಸ್ ಕಾರಿನಿಂದಲೇ ಬಂದದ್ದು. ಆದ್ದರಿಂದ ಇದನ್ನು ಗ್ರ್ಯಾಂಡ್ ಟೂರರ್, ಅಂದರೆ ಇಬ್ಬರು ಸಾಮಾನು ಸಮೇತ ದೂರದ ಹಾದಿಯನ್ನು ಆಯಾಸವಿಲ್ಲದೆ ವೇಗವಾಗಿ ಕ್ರಮಿಸುವ ಕಾರು ಎಂದು ಕರೆಯಬೇಕೆಂದು ಒಂದು ಪಂಗಡ ವಾದಿಸುತ್ತದೆ. ಅದೇ ಎಕ್ಸ್‌ಜೆಎಸ್ ಮೂಲದಿಂದ ಆಸ್ಟನ್ ಮಾರ್ಟಿನ್ ಡಿಬಿ7 ಕೂಡ ಹುಟ್ಟಿತಲ್ಲವೇ, ಅದಕ್ಕಿಲ್ಲದ ಕಳಂಕ ಇದಕ್ಕೇಕೆ ಎಂದು ಇನ್ನೊಂದು ಪಂಗಡ ಕೇಳುತ್ತದೆ. ಒಳಗಿನ ವಾಲ್ನಟ್ ಮರದ ಹಲಗೆಯನ್ನು ಕಂಡು ಕರಗುವವರೂ, ಅದನ್ನೇ ಮುದುಕರ ಬೈಠಕ್‌ಖಾನೆ ಎಂದು ಜರೆಯುವವರೂ ಇದ್ದಾರೆ. ಹಿಂದಿನ ಆಸನದಲ್ಲಿ ವಯಸ್ಕರು ಕೂರಲಾಗದು ಎಂಬ ಒಂದು ವಿಷಯದಲ್ಲಿ ಮಾತ್ರ ಎಲ್ಲರಿಗೂ ಒಮ್ಮತ. ಈ ವಾದಗಳನ್ನು ಕೇಳುವುದು ಸೊಗಸೇ ಆದರೂ ಇವುಗಳಲ್ಲಿ ಒಂದೂ ಕೊಳ್ಳುವವನ ಉಪಯೋಗಕ್ಕೆ ಬಾರದು.

ಉಪಯೋಗಕ್ಕೆ ಬರುವ ಸಂಗತಿಗಳು ಎಂಜಿನ್ನಿನ ಒಳಗಿವೆ. ವೇಲ್ಸ್‌ನ ಬ್ರಿಜೆಂಡ್‌ನಲ್ಲಿ ತಯಾರಾಗುತ್ತಿದ್ದ, 4.0 ಲೀಟರಿನ, ಸುಮಾರು 290 ಅಶ್ವಶಕ್ತಿಯ ವಿ8 ಎಂಜಿನ್ನಿನ ಮೊದಲ ವರ್ಷಗಳ ಆವೃತ್ತಿಯಲ್ಲಿ, ಅಲ್ಯುಮಿನಿಯಂ ಸಿಲಿಂಡರುಗಳ ಒಳಗೋಡೆಗೆ ನಿಕಸಿಲ್ ಎಂಬ ಲೇಪವಿತ್ತು. ನಿಕ್ಕಲ್ ಮತ್ತು ಸಿಲಿಕಾನ್ ಕಾರ್ಬೈಡ್ ಸೇರಿದ ಈ ಲೇಪ ಬಹಳ ಗಟ್ಟಿಯಾದದ್ದಾದರೂ, ಅಂದಿನ ಪೆಟ್ರೋಲಿನಲ್ಲಿದ್ದ ಗಂಧಕವು, ವಿಶೇಷವಾಗಿ ಎಂಜಿನ್ ಬಿಸಿಯಾಗುವಷ್ಟೂ ಓಡದ ಕಾರುಗಳಲ್ಲಿ, ಅದನ್ನು ಸವೆಸುತ್ತಿತ್ತು. 2000ರ ನಂತರದ ಎಂಜಿನ್ನುಗಳಿಗೆ ಲೋಹದ ಲೈನರುಗಳು ಬಂದವು. ಪೆಟ್ರೋಲಿನಲ್ಲಿ ಗಂಧಕದ ಪ್ರಮಾಣ ಈಗ ಅತ್ಯಲ್ಪವಾಗಿರುವುದರಿಂದ, ಇಷ್ಟು ಕಾಲ ಬದುಕಿರುವ ನಿಕಸಿಲ್ ಎಂಜಿನ್ನಿಗೆ ಹೆದರಬೇಕಾದ ಕಾರಣ ಹೆಚ್ಚಿಲ್ಲ. ಹೆದರಬೇಕಾದದ್ದು ಟೆನ್ಷನರುಗಳಿಗೆ, ಅಂದರೆ ಕ್ಯಾಮ್ ಶಾಫ್ಟುಗಳನ್ನು ತಿರುಗಿಸುವ ಚೈನು ಸಡಿಲಗೊಳ್ಳದಂತೆ ಒತ್ತಿ ಹಿಡಿಯುವ ಬಿಡಿಭಾಗಗಳಿಗೆ. ಆರಂಭದ ಟೆನ್ಷನರುಗಳ ಮೈ ಪ್ಲಾಸ್ಟಿಕ್ಕಿನದು; ವಯಸ್ಸಾದಂತೆ ಅದು ಬಿರುಕು ಬಿಟ್ಟು, ಚೈನು ಹಲ್ಲು ತಪ್ಪಿ, ವಾಲ್ವುಗಳು ಪಿಸ್ಟನ್ನುಗಳಿಗೆ ಬಡಿದರೆ ಎಂಜಿನ್ನಿನ ಕಥೆ ಅಲ್ಲಿಗೇ ಮುಗಿಯುತ್ತದೆ. ಗೇರ್ ಪೆಟ್ಟಿಗೆಯ ಎಣ್ಣೆ ಜೀವಮಾನಕ್ಕೆ ಸಾಕು ಎಂಬ ಹಳೆಯ ಮಾತನ್ನು ಇಂದಿಗೂ ಜಪಿಸುವ ಅಭಿಮಾನಿಗಳಿದ್ದಾರೆ. ಯಾರ ಜೀವಮಾನಕ್ಕೆ ಎಂದು ಅವರನ್ನು ಕೇಳಬೇಕು.

ಲೇಖಕ 1998ರ ಕನ್ವರ್ಟಿಬಲ್, ಅಂದರೆ ಬಟ್ಟೆಯ ಛಾವಣಿ ಮಡಚಿಕೊಳ್ಳುವ ಮಾದರಿಯನ್ನು ನೋಡಲು ಹೊರಟಾಗ, ಬೆಂಗಳೂರಿನಿಂದ ಬಂದಿದ್ದ ಪತ್ನಿಯ ತಮ್ಮ ಜೊತೆಗಿದ್ದ. ಟೆನ್ಷನರ್ ಬದಲಿಸಿದ ರಸೀದಿ ತೋರಿಸದೆ ಹಣ ಕೊಡುವುದಿಲ್ಲವೆಂದು ಲೇಖಕ ಪಟ್ಟು ಹಿಡಿದರೆ, ಆತ ಮಾರುವವನ ಎದುರಿಗೇ, “ಭಾವ, ಜಾಗ್ವಾರ್ ಈಗ ನಮ್ಮ ಟಾಟಾದವರದ್ದು, ಸ್ಪೇರ್ ಪಾರ್ಟ್ಸ್‌ಗೇನು ಬರ? ಸುಮ್ನೆ ತಗೊಳ್ಳಿ,” ಎಂದು ಕನ್ನಡದಲ್ಲಿ ಹೇಳಿ, ಮಾರುವವನ ಬೆನ್ನು ಬೇರೆ ತಟ್ಟಿದ. ಟಾಟಾ ಸಂಸ್ಥೆ ಫೋರ್ಡಿನಿಂದ ಜಾಗ್ವಾರನ್ನು ಕೊಂಡದ್ದು 2008ರಲ್ಲಿ, ಈ ಮಾದರಿಯ ತಯಾರಿಕೆ ನಿಂತದ್ದು 2005ರಲ್ಲಿ ಎಂಬುದನ್ನು ಆತನಿಗೆ ತಿಳಿಸಿ ಹೇಳುವಷ್ಟರಲ್ಲಿ ಚೌಕಾಸಿಯ ಬಲವೆಲ್ಲ ಸೋರಿಹೋಗಿತ್ತು. ರಸೀದಿ ಕೊನೆಗೂ ಸಿಕ್ಕಿತು. ಬೆಲೆಯಲ್ಲಿ ಒಂದು ಪೌಂಡೂ ಇಳಿಯಲಿಲ್ಲ. ಆ ನಷ್ಟವನ್ನು ಲೇಖಕ ಇಂದಿಗೂ ಭಾವಮೈದುನನ ಲೆಕ್ಕದಲ್ಲೇ ಬರೆದಿಟ್ಟಿದ್ದಾನೆ.

ಆದರೆ ಪೆಟ್ಟು ಬಿದ್ದದ್ದು ಎಂಜಿನ್ನಿನಿಂದಲ್ಲ, ಛಾವಣಿಯಿಂದ. ಈ ಛಾವಣಿಯನ್ನು ಎತ್ತಿಳಿಸುವುದು ಹೈಡ್ರಾಲಿಕ್ ವ್ಯವಸ್ಥೆ, ಅಂದರೆ ಒತ್ತಡಕ್ಕೊಳಗಾದ ಎಣ್ಣೆಯ ಬಲದಿಂದ ಕೆಲಸ ಮಾಡುವ ಏರ್ಪಾಡು. ಹಿಂದಿನ ಡಿಕ್ಕಿಯಲ್ಲಿರುವ ಪಂಪಿನಿಂದ ಹೊರಟ ತೆಳುವಾದ ಕೊಳವೆಗಳು ಮುಂಗಾಜಿನ ಮೇಲಂಚಿನವರೆಗೂ ಸಾಗಿ, ಹಿನ್ನೋಟದ ಕನ್ನಡಿಯ ನೆತ್ತಿಯಲ್ಲಿರುವ ಚಿಲಕವನ್ನು ತೆರೆದು ಮುಚ್ಚುತ್ತವೆ. ವರ್ಷಗಳು ಕಳೆದಂತೆ ಈ ಕೊಳವೆಗಳು ಒಣಗಿ ಸಿಡಿಯುತ್ತವೆ, ಒಳಗಿನ ಎಣ್ಣೆಯ ಬಣ್ಣ ಹಸಿರು, ಮಾಲೀಕರ ವಲಯದಲ್ಲಿ ಇದಕ್ಕೆ ಗ್ರೀನ್ ಶವರ್ ಎಂಬ ಹೆಸರೇ ಇದೆ. ಇದನ್ನು ಓದಿ ತಿಳಿದಿದ್ದ ಲೇಖಕ, ಕೊಳವೆಗಳನ್ನು ಪರೀಕ್ಷಿಸಿ, ಬೇಕಾದರೆ ಬದಲಿಸಿ ಎಂದು ಗ್ಯಾರೇಜೊಂದಕ್ಕೆ ಸ್ಪಷ್ಟವಾಗಿ ಹೇಳಿ, ‘ಪರೀಕ್ಷಿಸಲಾಗಿದೆ, ಸರಿಯಾಗಿದೆ’ ಎಂಬ ಒಕ್ಕಣೆಯ ಬಿಲ್ಲಿಗೆ ಹಣವನ್ನೂ ತೆತ್ತಿದ್ದ.

ಅತ್ತೆಯವರು ಮೈಸೂರಿನಿಂದ ಬಂದಿದ್ದ ಬೇಸಿಗೆಯಲ್ಲಿ ಗೇಡನ್‌ನ ಮೋಟಾರು ವಸ್ತುಸಂಗ್ರಹಾಲಯವನ್ನು ನೋಡಿ ಹಿಂದಿರುಗುವಾಗ, ಆಕಾಶ ಎಂದಿನ ಇಂಗ್ಲಿಷ್ ರೀತಿಯಲ್ಲಿ ಮಾತು ಬದಲಿಸಿ ತುಂತುರು ಶುರುವಾಯಿತು. ಪತ್ನಿ ಹಿಂದಿನ ಆಸನದಲ್ಲಿ ಕಾಲು ಮಡಚಿ ಅಡ್ಡಡ್ಡ ಕೂತಿದ್ದಳು. ಮುಂದಿನ ಆಸನದಲ್ಲಿ, ಊರಿನಿಂದ ಜತನವಾಗಿ ತಂದಿದ್ದ ಮೈಸೂರು ರೇಷ್ಮೆ ಸೀರೆಯುಟ್ಟು, ಅತ್ತೆಯವರು. ರಸ್ತೆಬದಿಯಲ್ಲಿ ಕಾರು ನಿಲ್ಲಿಸಿ ಗುಂಡಿ ಒತ್ತಿದಾಗ ಛಾವಣಿ ಗಾಂಭೀರ್ಯದಿಂದಲೇ ಎದ್ದು, ತಲೆಯ ಮೇಲೆ ಹಾದು, ಮುಂಗಾಜಿನ ಅಂಚಿಗೆ ಬಂದು ಕೂತು, ಚಿಲಕ ಹಿಡಿಯುವ ಸದ್ದು ಬರಬೇಕಾದ ಕ್ಷಣದಲ್ಲಿ ಪಟ್ಟೆಂದು ಸದ್ದಾಗಿ, ಕನ್ನಡಿಯ ಮೇಲಿನಿಂದ ಹಸಿರು ಎಣ್ಣೆ ಚಿಮ್ಮಿತು. ಗುಂಡಿಯಿಂದ ಬೆರಳು ತೆಗೆಯಬೇಕೆಂಬುದು ಹೊಳೆಯುವಷ್ಟರಲ್ಲಿ ಅದು ಗಾಜಿನ ಒಳಮೈ, ಮರದ ಹಲಗೆ, ಲೇಖಕನ ಕನ್ನಡಕ ಎಲ್ಲವನ್ನೂ ತೊಯ್ಯಿಸಿ, ಅತ್ತೆಯವರ ಬೈತಲೆಯಿಂದ ಇಳಿದು ಸೀರೆಯ ಸೆರಗಿಗೆ ಸೇರಿತ್ತು. ಛಾವಣಿ ಅತ್ತ ಮುಚ್ಚಲೂ ಇಲ್ಲ, ಇತ್ತ ತೆರೆಯಲೂ ಇಲ್ಲ, ಮಳೆ ಬಿರುಸಾಯಿತು, ಎದುರಿನಿಂದ ಬಂದ ಕಾರಿನವನೊಬ್ಬ ಇಂಥ ಸುಂದರ ಕಾರನ್ನು ಕಂಡ ಖುಷಿಗೆ ಹಾರ್ನ್ ಹೊಡೆದು ಕೈಬೀಸಿ ಹೋದ. ಕರವಸ್ತ್ರದಿಂದ ಹಣೆ ಒರೆಸಿಕೊಂಡ ಅತ್ತೆಯವರು, “ಅಳಿಯಂದ್ರೇ, ಇಷ್ಟು ದುಡ್ಡಿನ ಕಾರಿಗೆ ತಲೆಗೆ ಎಣ್ಣೆ ಹಚ್ಚೋ ಅನುಕೂಲಾನೂ ಮಾಡ್ಕೊಟ್ಟಿದ್ದಾರಾ?” ಎಂದರು. ಹಿಂದಿನ ಆಸನದಿಂದ ಬಂದ ನಗು ಮನೆ ತಲುಪುವವರೆಗೂ ನಿಲ್ಲಲಿಲ್ಲ. ಸೀರೆಯ ಕಲೆಯಂತೂ ಯಾವ ಡ್ರೈ ಕ್ಲೀನಿಂಗಿಗೂ ಬಗ್ಗಲಿಲ್ಲ.

ಮರುದಿನ ಬಿಲ್ಲನ್ನು ಮುಂದಿಟ್ಟು ಕೇಳಿದಾಗ, ಪರೀಕ್ಷೆ ಎಂದರೆ ಹೊರಗೆ ಕಾಣುವಷ್ಟು ಭಾಗವನ್ನು ನೋಡುವುದೆಂದೂ, ಒಳಪಟ್ಟಿಗಳನ್ನು ಬಿಚ್ಚಲು ಬೇರೆ ಮಜೂರಿಯೆಂದೂ, ಇಷ್ಟು ಹಳೆಯ ಕಾರಿನಿಂದ ಏನನ್ನು ನಿರೀಕ್ಷಿಸುತ್ತೀರೆಂದೂ ಗ್ಯಾರೇಜಿನ ಯಜಮಾನ ಅತ್ಯಂತ ಸೌಜನ್ಯದಿಂದ ಉತ್ತರಿಸಿದ. ಸಿಡಿದದ್ದು ಕೊಳವೆಯ ಕಾಣದ ಭಾಗವೇ ಆಗಿದ್ದುದರಿಂದ ಆತನ ತರ್ಕದಲ್ಲಿ ದೋಷವಿರಲಿಲ್ಲ, ನಾಚಿಕೆಯೂ ಇರಲಿಲ್ಲ. ಇಂಥದೇ ತರ್ಕ ಎಂಒಟಿ ಎಂಬ, ಬ್ರಿಟನ್ನಿನಲ್ಲಿ ಪ್ರತಿ ವರ್ಷ ಮಾಡಿಸಬೇಕಾದ ವಾಹನ ತಪಾಸಣೆಯಲ್ಲಿಯೂ ಇದೆ. ತಪಾಸಣೆ ಮಾಡುವವರು ಯಾವ ಭಾಗವನ್ನೂ ಬಿಚ್ಚಿ ನೋಡುವಂತಿಲ್ಲವಾದ್ದರಿಂದ, ಎಕ್ಸ್‌ಕೆ8ರ ಮುಂಭಾಗದ ತಳದಲ್ಲಿ ಮುಚ್ಚಿದ ಹೊದಿಕೆಯ ಹಿಂದೆ ತುಕ್ಕು ತಿನ್ನುತ್ತಿದ್ದರೂ ಕಾರು ತೇರ್ಗಡೆಯಾಗಬಲ್ಲದು, ಅದನ್ನೇ ದೊಡ್ಡ ಪ್ರಮಾಣಪತ್ರವೆಂದು ಮಾರುವವರು ತೋರಿಸಬಲ್ಲರು.

ಈ ಕಾರನ್ನು ಕೊಳ್ಳಬಯಸುವವರು ಬಿಲ್ಲಿನಲ್ಲಿ ‘ನೋಡಲಾಗಿದೆ’ ಎಂಬ ಪದವನ್ನು ಲೆಕ್ಕಕ್ಕೆ ಹಿಡಿಯದೆ, ‘ಬದಲಿಸಲಾಗಿದೆ’ ಎಂಬುದನ್ನು ಮಾತ್ರ ಹುಡುಕಬೇಕು, ಟೆನ್ಷನರ್ ಮತ್ತು ಛಾವಣಿಯ ಕೊಳವೆಗಳ ವಿಷಯದಲ್ಲಿ ಅದು ಕಾಣದಿದ್ದರೆ ಆ ಖರ್ಚನ್ನು ಬೆಲೆಯಿಂದ ಕಳೆಯಬೇಕು, ತಳದ ಹೊದಿಕೆ ಬಿಚ್ಚಿ ತೋರಿಸಲು ಒಪ್ಪದವನ ಬಳಿ ಮಾತು ಬೆಳೆಸಬಾರದು, ನೆಂಟರನ್ನು ಕರೆದೊಯ್ಯಬಾರದು. ಹೊಸ ಕೊಳವೆಗಳನ್ನು ಹಾಕಿಸಿಕೊಂಡ ಲೇಖಕನ ಕಾರು ಇಂದಿಗೂ ಚೆನ್ನಾಗಿಯೇ ಓಡುತ್ತಿದ್ದು, ಅದನ್ನು ಮಾರುವ ಯೋಚನೆ ಆತನಿಗಿಲ್ಲ. ಆದರೂ ಕೇಳಿದವರಿಗೆ ಆತ ಕೊಡುವ ಸಲಹೆ ಬೇರೆ: ಅದೇ ಎಂಜಿನ್, ಅದೇ ಬಾನೆಟ್, ಅದೇ ಮರದ ಹಲಗೆ ಇದ್ದು ಲೋಹದ ಛಾವಣಿ ಹೊತ್ತ ಕೂಪೆ ಮಾದರಿಯಲ್ಲಿ ನೆತ್ತಿಯ ಮೇಲೆ ಎಣ್ಣೆಯ ಕೊಳವೆಗಳಿಲ್ಲ, ಕೊಳ್ಳುವುದಾದರೆ ಅದನ್ನೇ ಕೊಳ್ಳುವುದು ಲೇಸು.