ಮುಪ್ಪಿನಲ್ಲಿ ಮದ್ಯಸಾರ

ವಿದುರಾಶ್ವತ್ಥ, ಗೌರಿಬಿದನೂರುಗಳ ಸೀಮೆಯಲ್ಲಿ ಎಪ್ಪತ್ತು ದಾಟಿದ ಹಿರಿಯರು ತಮ್ಮ ಜೀವಮಾನದಲ್ಲಿ ಮೂರು ಬಗೆಯ ಮದ್ಯಗಳನ್ನು ಕಂಡಿದ್ದಾರೆ. ಮೊದಲನೆಯದು ಈಚಲುಮರದ ಹೆಂಡ. ಅದರಲ್ಲಿ ಮದ್ಯಸಾರವು ನೂರಕ್ಕೆ ಸುಮಾರು 5 ಪಾಲು. ಎರಡನೆಯದು ಸಾರಾಯಿ, ಕರ್ನಾಟಕದಲ್ಲಿ ಅದು 2007ರ ಜುಲೈ 1ರಿಂದ ನಿಷಿದ್ಧವಾಯಿತು. ಮೂರನೆಯದು ಅಂಗಡಿಯ ವಿಸ್ಕಿ, ಬ್ರಾಂದಿ, ರಮ್ಮುಗಳು. ಇವುಗಳಲ್ಲಿ ಮದ್ಯಸಾರವು ಸಾಮಾನ್ಯವಾಗಿ ನೂರಕ್ಕೆ 42.8 ಪಾಲು. ದೇಹದ ಕಸುವು ಇಳಿಯುತ್ತ ಬಂದಂತೆ ಪಾನೀಯದ ಕಡುಪು ಏರುತ್ತ ಬಂದಿತು. ಆದರೆ ಪಾನೀಯವೂ ಅಳತೆಯೂ ಬದಲಾಗದಿದ್ದರೂ ಮುಪ್ಪಿನಲ್ಲಿ ಅಮಲು ಹೆಚ್ಚುತ್ತದೆ. ಇದೇಕೆ?

ಮದ್ಯಸಾರವು ಕೊಬ್ಬಿನಲ್ಲಿ ಹೆಚ್ಚಾಗಿ ಬೆರೆಯದೆ ದೇಹದ ನೀರಿನಲ್ಲಿ ಹರಡುತ್ತದೆ. 60 ಕಿಲೋಗ್ರಾಂ ತೂಕದ ತರುಣನ ದೇಹದಲ್ಲಿ ಸುಮಾರು 36 ಲೀಟರ್ ನೀರಿರುತ್ತದೆ. ವಯಸ್ಸಾದಂತೆ ಮಾಂಸಖಂಡಗಳು ಕುಗ್ಗಿ ಕೊಬ್ಬಿನ ಪಾಲು ಹೆಚ್ಚುವುದರಿಂದ, ಅದೇ ತೂಕದ ವೃದ್ಧನಲ್ಲಿ ನೀರು 30 ಲೀಟರಿನವರೆಗೆ ಇಳಿಯಬಹುದು. ವಿಸ್ಕಿಯ 90 ಮಿಲಿಲೀಟರ್ ಪೊಟ್ಟಣವೊಂದರಲ್ಲಿ ಸುಮಾರು 30 ಗ್ರಾಂ ಮದ್ಯಸಾರವಿದೆ. ಅದೆಲ್ಲವೂ ನೀರಿನಲ್ಲಿ ಬೆರೆಯಿತೆಂದು ಭಾವಿಸೋಣ. ತರುಣನಲ್ಲಿ ಲೀಟರಿಗೆ 0.83 ಗ್ರಾಂ ಆದರೆ, ವೃದ್ಧನಲ್ಲಿ 1 ಗ್ರಾಂ. ಕುಡಿದದ್ದು ಅಷ್ಟೇ ಆದರೂ ಸಾಂದ್ರತೆಯು ಐದರಲ್ಲೊಂದು ಪಾಲು ಹೆಚ್ಚಿತು! ಹೆಂಗಸರಲ್ಲಿ ನೀರಿನ ಅಂಶ ಇನ್ನೂ ಕಡಿಮೆ.

ಇದಲ್ಲದೆ, ವೃದ್ಧರ ಮಿದುಳು ಮದ್ಯಸಾರಕ್ಕೆ ಬೇಗ ಮಣಿಯುತ್ತದೆ. ಕಾಲಿನ ಹಿಡಿತ ತಪ್ಪಿದರೆ, ಸವೆದ ತೊಡೆಯೆಲುಬು ಒಂದೇ ಬೀಳಿಗೆ ಮುರಿಯಬಹುದು. ನಿದ್ರೆಯ ಗುಳಿಗೆಯೊಡನೆ ಮದ್ಯ ಸೇರಿದರೆ ಉಸಿರಾಟ ಕುಂದಬಹುದು. ಸಿಹಿಮೂತ್ರ ರೋಗದ ಕೆಲವು ಗುಳಿಗೆಗಳೊಡನೆ ಸೇರಿದರೆ ರಕ್ತದ ಸಕ್ಕರೆ ಅಪಾಯಕರವಾಗಿ ಇಳಿಯಬಹುದು. ಊಟ ಬಿಟ್ಟು ಕುಡಿಯುವವರಿಗೆ ಬಿ1 ಜೀವಸತ್ವದ ಕೊರತೆಯುಂಟಾಗಿ ನೆನಪಿನ ಶಕ್ತಿಯೇ ಕೆಡಬಹುದು.

ಮರೆವು, ತಡವರಿಕೆ, ಪದೇ ಪದೇ ಬೀಳುವುದು, ಇವನ್ನು ಕಂಡಾಗ ಮನೆಯವರು "ವಯಸ್ಸಾಯಿತು" ಎಂದು ಸುಮ್ಮನಾಗುವುದುಂಟು. ಕಾರಣವು ಮದ್ಯವಾಗಿದ್ದಲ್ಲಿ, ಗುಣಪಡಿಸಬಹುದಾದ ರೋಗವನ್ನು ಕೈಬಿಟ್ಟಂತಾಗುತ್ತದೆ. ಆದುದರಿಂದ ವೈದ್ಯರ ಬಳಿ ಕುಡಿತದ ಸಂಗತಿಯನ್ನು ಮುಚ್ಚಿಡಬಾರದು.

ಇಲ್ಲಿ ಇನ್ನೊಂದು ಎಚ್ಚರಿಕೆ ಅಗತ್ಯ. ಬಹುಕಾಲ ದಿನವೂ ಹೆಚ್ಚಾಗಿ ಕುಡಿದವರ ಮದ್ಯವನ್ನು ಮನೆಯವರು ಕಸಿದು ಒಮ್ಮೆಗೇ ನಿಲ್ಲಿಸಿದರೆ ನಡುಕ, ಸೆಳವು, ಸನ್ನಿಗಳು ತಲೆದೋರಿ ಪ್ರಾಣಕ್ಕೂ ಕುತ್ತು ಬರಬಹುದು. ವೈದ್ಯರ ಮೇಲ್ವಿಚಾರಣೆಯಲ್ಲಿಯೇ ಬಿಡಿಸುವುದು ಕ್ಷೇಮ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಇದಕ್ಕೆಂದೇ ಪ್ರತ್ಯೇಕ ವಿಭಾಗವಿದೆ. ಎಪ್ಪತ್ತರಲ್ಲಿ ಬಿಟ್ಟರೂ ಪ್ರಯೋಜನವುಂಟು; ಈ ಚಿಕಿತ್ಸೆಗೆ ವಯಸ್ಸು ಮೀರಿತೆಂಬುದಿಲ್ಲ.