ಶ್ವಾನಗಳ ಹೃದಯ ಕವಾಟದ ಸೋಂಕು: ರೋಗನಿದಾನದ ಕ್ರಮ

ಮನುಷ್ಯನ ಹೃದಯದಂತೆಯೇ ನಾಯಿಯ ಹೃದಯವೂ ನಾಲ್ಕು ಕೋಣೆಗಳನ್ನೂ ನಾಲ್ಕು ಕವಾಟಗಳನ್ನೂ ಹೊಂದಿದೆ. ರಕ್ತವನ್ನು ಮುಂದಕ್ಕೆ ಬಿಟ್ಟು, ಹಿಂದಕ್ಕೆ ಬಾರದಂತೆ ತಡೆಯುವುದು ಕವಾಟಗಳ ಕಾರ್ಯ. ರಕ್ತವನ್ನು ಸೇರಿದ ಬ್ಯಾಕ್ಟೀರಿಯಾಗಳು ಕವಾಟದ ಮೇಲೆ ನೆಲೆಯೂರಿ ಅದನ್ನು ಹಾಳುಗೆಡಹುವ ವ್ಯಾಧಿಗೆ 'ಇನ್‌ಫೆಕ್ಟಿವ್ ಎಂಡೋಕಾರ್ಡೈಟಿಸ್' ಎಂದು ಹೆಸರು. ಇದು ವಿರಳವಾದರೂ ಮಾರಕವಾದ ರೋಗ.

ಚರ್ಮದ ಹುಣ್ಣು, ಮೂತ್ರನಾಳದ ಸೋಂಕು ಮೊದಲಾದವುಗಳಿಂದ ಸ್ಟೆಫಿಲೊಕಾಕಸ್, ಸ್ಟ್ರೆಪ್ಟೊಕಾಕಸ್, ಇ. ಕೋಲಿ ಮುಂತಾದ ಜೀವಾಣುಗಳು ರಕ್ತಕ್ಕೆ ಇಳಿಯಬಹುದು. ಕವಾಟದ ಒಳಪೊರೆ ಘಾಸಿಗೊಂಡಿದ್ದಲ್ಲಿ ರಕ್ತದ ಕಿರುಬಿಲ್ಲೆಗಳೂ ಫೈಬ್ರಿನ್ ಎಳೆಗಳೂ ಕೂಡಿ ಗಂಟಾಗುತ್ತವೆ. ಆ ಗಂಟಿನೊಳಗೆ ಜೀವಾಣುಗಳು ಅಡಗುತ್ತವೆ. ಎಡಭಾಗದ ಮೈಟ್ರಲ್ ಮತ್ತು ಅಯೋರ್ಟಿಕ್ ಕವಾಟಗಳೇ ಹೆಚ್ಚಾಗಿ ಇದಕ್ಕೆ ತುತ್ತಾಗುತ್ತವೆ. ನಡುವಯಸ್ಸು ದಾಟಿದ ದೊಡ್ಡ ತಳಿಯ ಗಂಡುನಾಯಿಗಳಲ್ಲಿ ರೋಗವು ಅಧಿಕ.

ಜ್ವರ, ನಿರುತ್ಸಾಹ, ಅನ್ನದ್ವೇಷ, ಇಂದು ಒಂದು ಕಾಲು ನಾಳೆ ಇನ್ನೊಂದು ಕಾಲು ಎಂಬಂತೆ ಕುಂಟುವುದು, ಇವು ಮೊದಲ ಲಕ್ಷಣಗಳು. ನಮ್ಮ ಮಹಾನಗರಗಳಲ್ಲಿ ಸಾಮಾನ್ಯವಾಗಿರುವ ಉಣ್ಣೆಜ್ವರದ ಲಕ್ಷಣಗಳೂ ಬಹುಮಟ್ಟಿಗೆ ಇವೇ. ಆದ್ದರಿಂದ ಪರೀಕ್ಷೆಯಿಲ್ಲದೆ ಆಂಟಿಬಯಾಟಿಕ್ ಮಾತ್ರೆ ಕೊಡುವ ರೂಢಿ ಬೆಳೆದಿದೆ. ಜ್ವರವು ನಾಲ್ಕು ದಿನ ಇಳಿದು ಮನೆಯವರಿಗೆ ಸಮಾಧಾನವಾಗುತ್ತದೆ. ಆದರೆ ಗಂಟಿನೊಳಗಿನ ಜೀವಾಣುಗಳು ಉಳಿದಿರುತ್ತವೆ. ಬಳಿಕ ರಕ್ತಪರೀಕ್ಷೆ ಮಾಡಿದರೂ ಅವು ಕೈಗೆ ಸಿಕ್ಕದೆ ಹೋಗಬಹುದು.

ರೋಗನಿದಾನದ ಮೊದಲ ಸಾಧನ ಸ್ಟೆತೊಸ್ಕೋಪ್. ಕವಾಟ ಸೋರಿದಾಗ ಹೃದಯದಲ್ಲಿ ಮರ್ಮರ ಧ್ವನಿ ಕೇಳಿಸುತ್ತದೆ. ಮುಪ್ಪಿನ ಸಣ್ಣ ತಳಿಗಳಲ್ಲಿ ಸೋಂಕಿಲ್ಲದೆಯೂ ಕವಾಟ ಸವೆದು ಮರ್ಮರ ಬರುವುದುಂಟು. ಆದಕಾರಣ ಧ್ವನಿಯೊಂದನ್ನೇ ನಂಬಲಾಗದು. ಹಿಂದೆ ಇಲ್ಲದ ಮರ್ಮರವು ಜ್ವರದೊಡನೆ ಹೊಸತಾಗಿ ಕಾಣಿಸಿಕೊಂಡರೆ ಸಂಶಯ ಬಲಗೊಳ್ಳುತ್ತದೆ.

ಎರಡನೆಯದು ರಕ್ತದ ಕಲ್ಚರ್. ಸಾಧ್ಯವಾದಷ್ಟೂ ಔಷಧ ಆರಂಭಿಸುವ ಮೊದಲೇ, ಕೂದಲು ತೆಗೆದು ಶುಚಿಗೊಳಿಸಿದ ಚರ್ಮದ ಮೂಲಕ, ಬೇರೆಬೇರೆ ರಕ್ತನಾಳಗಳಿಂದ, ಅರ್ಧ ಗಂಟೆಗೆ ಕಡಮೆಯಿಲ್ಲದ ಅಂತರದಲ್ಲಿ 3 ಮಾದರಿಗಳನ್ನು ತೆಗೆಯುವುದು ವಾಡಿಕೆ. ಒಂದರಲ್ಲಿ ಮಾತ್ರ ಜೀವಾಣು ಬೆಳೆದರೆ ಅದು ಚರ್ಮದಿಂದ ಬಂದದ್ದಿರಬಹುದು. ಎರಡು ಮೂರು ಮಾದರಿಗಳಲ್ಲಿ ಅದೇ ಜೀವಾಣು ಬೆಳೆದರೆ ಲೆಕ್ಕ ತಾಳೆಯಾದಂತೆ. ಬಾರ್ಟೊನೆಲ್ಲಾ ಎಂಬ ಜೀವಾಣು ಸಾಮಾನ್ಯ ಕಲ್ಚರಿನಲ್ಲಿ ಬೆಳೆಯುವುದಿಲ್ಲ. ಅದಕ್ಕೆ ಪ್ರತಿಕಾಯ ಪರೀಕ್ಷೆ ಹಾಗೂ ಪಿ.ಸಿ.ಆರ್. ಪರೀಕ್ಷೆ ಬೇಕು.

ಮೂರನೆಯದು ಎಕೋಕಾರ್ಡಿಯೋಗ್ರಾಮ್. ಶಬ್ದಾತೀತ ತರಂಗಗಳಿಂದ ಮೂಡುವ ಈ ಚಿತ್ರದಲ್ಲಿ ಕವಾಟಕ್ಕೆ ಅಂಟಿ ಓಲಾಡುವ ಒರಟು ಗಂಟು ಕಂಡುಬಂದರೆ ಅದು ಪ್ರಬಲ ಸಾಕ್ಷ್ಯ. ಇದರ ಜೊತೆಗೆ ಮೂತ್ರಪರೀಕ್ಷೆಯೂ ಅವಶ್ಯ. ಗಂಟಿನ ಚೂರುಗಳು ರಕ್ತದೊಡನೆ ಸಾಗಿ ಮೂತ್ರಪಿಂಡ, ಗುಲ್ಮ, ಮಿದುಳುಗಳನ್ನು ಕೆಡಿಸಬಲ್ಲವು.

ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ವೈದ್ಯರು 1994ರಲ್ಲಿ ಮನುಷ್ಯರ ಎಂಡೋಕಾರ್ಡೈಟಿಸ್‌ಗಾಗಿ ಪ್ರಧಾನ ಮತ್ತು ಗೌಣ ಲಕ್ಷಣಗಳನ್ನು ವಿಂಗಡಿಸಿ ಮಾನದಂಡವೊಂದನ್ನು ಪ್ರಕಟಿಸಿದರು. ಪಶುವೈದ್ಯರು ಅದನ್ನೇ ನಾಯಿಗಳಿಗೆ ಹೊಂದಿಸಿಕೊಂಡಿದ್ದಾರೆ. ಚಿತ್ರ, ಕಲ್ಚರ್, ಜ್ವರ, ಮರ್ಮರ ಎಲ್ಲವನ್ನೂ ಒಟ್ಟುಗೂಡಿಸಿಯೇ ತೀರ್ಮಾನಕ್ಕೆ ಬರುವುದು ಅದರ ಸಾರ.

ಚಿಕಿತ್ಸೆಯು ಹಲವು ವಾರಗಳ ಕಾಲ ನಡೆಯಬೇಕಾಗುತ್ತದೆ. ಅಯೋರ್ಟಿಕ್ ಕವಾಟ ಕೆಟ್ಟಲ್ಲಿ ಭರವಸೆ ತೀರ ಕಡಮೆ. ಮೈಟ್ರಲ್ ಕವಾಟದ ಸೋಂಕನ್ನು ಬೇಗನೆ ಗುರುತಿಸಿದರೆ ಕೆಲವು ನಾಯಿಗಳು ಬದುಕಿಕೊಳ್ಳುತ್ತವೆ. ಸಾಕಿದವರು ಮೂರು ವಿಷಯಗಳನ್ನು ಮರೆಯಬಾರದು: ನಾಯಿಯ ಸಹಜ ಉಷ್ಣತೆ ಸುಮಾರು 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ಜ್ವರ ಮತ್ತು ಕುಂಟು ಒಟ್ಟಿಗೆ ಬಂದರೆ ಹೃದಯವನ್ನೂ ಪರೀಕ್ಷಿಸಬೇಕು. ಈಗಾಗಲೇ ಕೊಟ್ಟಿರುವ ಔಷಧಗಳ ಹೆಸರು, ದಿನಾಂಕಗಳನ್ನು ಬರೆದಿಟ್ಟು ವೈದ್ಯರಿಗೆ ತೋರಿಸಬೇಕು. ಬಾಯಿಲ್ಲದ ಪ್ರಾಣಿಯ ಪರವಾಗಿ ಅಷ್ಟನ್ನಾದರೂ ಹೇಳಬಲ್ಲವರು ಮನೆಯವರೇ.